ಗೆರೆ ಹಾಕಿದ ಲೋಟ

ಫೆಬ್ರುವರಿ ಹನ್ನೆರಡು, ಗುರುವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ, ನಮ್ಮ ಮನೆಯ ಹಿಂದಿನ ಕೊಟ್ಟಿಗೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಮತ್ತು ಅವಳ ಎರಡು ಎಮ್ಮೆಗಳು. ನನ್ನ ಕೈಯಲ್ಲಿ ಗಡಿಯಾರವಿತ್ತು. ಅವಳ ಕೈಯಲ್ಲಿ ಎರಡು ಪ್ಲಾಸ್ಟಿಕ್ ಡಬ್ಬಿಗಳಿದ್ದವು. ನೀಲಿ ಮುಚ್ಚಳದ್ದು ಹಿರೇ ಎಮ್ಮೆಗೆ, ಕೆಂಪು ಮುಚ್ಚಳದ್ದು ಕಿರೇ ಎಮ್ಮೆಗೆ. ನಮಗೆ ಬೇಕಾಗಿದ್ದದ್ದು ಎರಡರಿಂದಲೂ ಒಂದೊಂದು ಹಿಡಿ ತಾಜಾ ಸಗಣಿ, ಮಣ್ಣು ತಾಗದಂತೆ ಎತ್ತಿದ್ದು.

ಏಳೂಕಾಲಿಗೆ ಲಿಂಗಸುಗೂರಿನ ಬಸ್ಸು ನಮ್ಮೂರ ಕ್ರಾಸಿಗೆ ಬರುತ್ತದೆ. ಕ್ರಾಸಿಗೆ ನಡೆಯಲು ಹದಿನೆಂಟು ನಿಮಿಷ. ಕಿರೇ ಎಮ್ಮೆ ಆರೂ ಇಪ್ಪತ್ತಕ್ಕೆ ತನ್ನ ಪಾಲಿನ ಕೆಲಸ ಮುಗಿಸಿತು. ಹಿರೇ ಎಮ್ಮೆ ಮೆಲುಕು ಹಾಕುತ್ತ ಗೋಡೆ ನೋಡುತ್ತಿತ್ತು. ಆರೂ ಮುಕ್ಕಾಲಾಯಿತು, ಏಳೂ ಆಯಿತು. ನಾನು ಗಡಿಯಾರ ನೋಡಿದಾಗಲೆಲ್ಲ ಹೆಂಡತಿ ನನ್ನನ್ನು ನೋಡುತ್ತಿದ್ದಳು.

"ಗಡಿಯಾರ ಒಳಗ ಇಟ್ಟ್ ಬರ್ರಿ. ಅದಕ್ಕ ನಾಚಿಕಿ ಆಗಾಕತ್ತೈತಿ" ಎಂದಳು.

ಒಳಗಿಟ್ಟು ಬಂದೆ. ಅಷ್ಟರಲ್ಲಿ ನೀಲಿ ಡಬ್ಬಿ ತುಂಬಿತ್ತು. ಆ ಬಸ್ಸು ತಪ್ಪಿತು, ಎಂಟು ಗಂಟೆಯದು ಸಿಕ್ಕಿತು.

ಹಿರೇ ಎಮ್ಮೆ ನಮ್ಮ ಮನೆಯಲ್ಲಿ ಏನು ಎಂಬುದನ್ನು ಮೊದಲು ಹೇಳಬೇಕು. ನಮ್ಮ ಮದುವೆಯ ವರ್ಷ ಸಿಂಧನೂರಿನ ನನ್ನ ಮಾವ ಮಗಳ ಜೊತೆ ಒಂದು ಎಮ್ಮೆಯನ್ನೂ ಕಳಿಸಿದ್ದರು. ಇದು ಅದರ ಮೊಮ್ಮಗಳ ಮಗಳು. ನಾನು ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಮಾಡುತ್ತಿದ್ದ ವರ್ಷಗಳಲ್ಲಿ ಹೆಂಡತಿ ಕಂಪನಿ ಮನೆಗೆ ಬಂದು ಇದ್ದದ್ದು ಕಡಿಮೆ. ಎಮ್ಮೆಗಳನ್ನು ಬಿಟ್ಟು ಬರುವುದಿಲ್ಲ ಎಂದು ಮಸ್ಕಿ ಮತ್ತು ಸಿಂಧನೂರಿನ ನಡುವಿನ ಈ ಊರಿನಲ್ಲೇ ಉಳಿದಳು. ನಾನು ವಾರದ ರಜೆಗೆ ಬಂದಾಗ ಅವಳ ಎರಡನೆಯ ಮಾತು ನನ್ನ ಆರೋಗ್ಯದ ಬಗ್ಗೆ ಇರುತ್ತಿತ್ತು. ಮೊದಲನೆಯದು ಎಮ್ಮೆಯ ಬಗ್ಗೆ. ಇದರಲ್ಲಿ ನನಗೆ ದೂರೇನೂ ಇಲ್ಲ. ಆ ಎಮ್ಮೆಗಳ ಹಾಲು ಮೊಸರಿನಲ್ಲೇ ನಾನೂ ಗಟ್ಟಿಯಾಗಿ ಉಳಿದದ್ದು.

ಈಗ ಆ ಎಮ್ಮೆ ಎಂಟು ತಿಂಗಳ ಗಬ್ಬ. ಸಂಕ್ರಾಂತಿಯ ಹೊತ್ತಿಗೆ ಅದರ ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಬಾವು ಬಂದಿತ್ತು. ಮೈಯ ಹೊಳಪು ಹೋಗಿ ಪಕ್ಕೆಲುಬುಗಳು ಕಾಣುತ್ತಿದ್ದವು. ಕಾರಣ ಕಲೇಜಿಯಲ್ಲಿ, ಅಂದರೆ ಯಕೃತ್ತಿನಲ್ಲಿ, ಸೇರುವ ಎಲೆಯಂಥ ಹುಳು. ಹದಿನಾಲ್ಕು ದಿನಗಳ ಹಿಂದೆ ಲಿಂಗಸುಗೂರಿನ ದನದ ಆಸ್ಪತ್ರೆಯ ಡಾಕ್ಟರಮ್ಮ ಹೊಸ ಔಷಧ ಕುಡಿಸಿದ್ದರು. ಆ ಔಷಧ ನಾಟಿದೆಯೋ ಇಲ್ಲವೋ ಎನ್ನುವುದು ನೀಲಿ ಡಬ್ಬಿಯಲ್ಲಿತ್ತು. ನಾಟಿರದಿದ್ದರೆ ಎಮ್ಮೆಯೂ ಅದರ ಹೊಟ್ಟೆಯಲ್ಲಿದ್ದ ಕರುವೂ ಉಳಿಯುವುದು ಕಷ್ಟವೆಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಡಬ್ಬಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಪಕ್ಕದವರು ಬುತ್ತಿ ಎಂದುಕೊಂಡಿರಬೇಕು. ನಾನು ತಿದ್ದಲಿಲ್ಲ.

ಇನ್ನು ಲೋಟದ ವಿಷಯ.

ಗಣಿಯಲ್ಲಿ ನನ್ನದು ಕೆಲಸಗಾರರು ನಿಂತ ಪಂಜರವನ್ನು ಆಳಕ್ಕೆ ಇಳಿಸಿ ಎತ್ತುವ ಕೆಲಸ. ಕೆಳಗಿನಿಂದ ಗಂಟೆ ಬಾರಿಸಿದಷ್ಟು ಸಲ ಎಣಿಸಿ, ಯಂತ್ರದ ಮೇಲಿನ ಮುಳ್ಳನ್ನು ಬಣ್ಣದ ಗೆರೆಗೆ ಕೂಡಿಸಿ ಪಂಜರವನ್ನು ನಿಲ್ಲಿಸಬೇಕು. ಗೆರೆ ದಾಟಿದರೆ ಒಳಗಿದ್ದವರ ಗತಿ ಕೆಡುತ್ತದೆ. ಅಷ್ಟು ವರ್ಷದಲ್ಲಿ ಒಮ್ಮೆಯೂ ದಾಟಲಿಲ್ಲ. ಹಾಗಾಗಿ ಗೆರೆಯ ಮೇಲೆ ನನಗೆ ಬಹಳ ನಂಬಿಕೆ.

ಎಂಟು ವರ್ಷದ ಹಿಂದೆ ನಿವೃತ್ತನಾಗಿ ಊರಿಗೆ ಬಂದಾಗ ಇಲ್ಲಿ ದನಕರುಗಳಿಗೆ ಹುಳುವಿನ ಕಾಟ ಹೆಚ್ಚಿತ್ತು. ನಮ್ಮದು ಕಾಲುವೆ ನೀರಿನ ಊರು. ಭತ್ತದ ಗದ್ದೆಯಲ್ಲೂ ಬದುವಿನ ಹುಲ್ಲಲ್ಲೂ ವರ್ಷದ ಹೆಚ್ಚು ಕಾಲ ತೇವವಿರುತ್ತದೆ. ಸಗಣಿಯಲ್ಲಿ ಬಿದ್ದ ಹುಳುವಿನ ಮೊಟ್ಟೆ ನೀರಿಗೆ ಸೇರಿ ಮರಿಯಾಗುತ್ತದೆ. ಆ ಮರಿ ಪುಟ್ಟ ಬಸವನಹುಳುವಿನ ಮೈಯಲ್ಲಿ ಬೆಳೆದು, ಹೊರಬಂದು ಹುಲ್ಲಿಗೆ ಅಂಟಿಕೊಳ್ಳುತ್ತದೆ. ಆ ಹುಲ್ಲು ತಿಂದ ಎಮ್ಮೆಯ ಕಲೇಜಿಯೇ ಅದರ ಮನೆ. ನಾನು ಸಿಂಧನೂರಿನಿಂದ ದೊಡ್ಡ ಬಾಟಲಿ ಔಷಧ ತಂದೆ. ಚೀಟಿ ಓದಿ, ಆಗ ನಮ್ಮಲ್ಲಿದ್ದ ಒಂದು ಸಾಧಾರಣ ಗಾತ್ರದ ಎಮ್ಮೆಗೆ ಎಷ್ಟು ಬೇಕೆಂದು ಲೆಕ್ಕ ಹಾಕಿದೆ. ಅಡುಗೆಮನೆಯಿಂದ ಒಂದು ಸ್ಟೀಲ್ ಲೋಟ ತೆಗೆದುಕೊಂಡು ಅರದಿಂದ ಅದರ ಒಳಗೆ ಗೆರೆ ಕೊರೆದೆ. ಮೇಲಿನ ಗೆರೆ ಎಮ್ಮೆ, ಎತ್ತು, ಆಕಳಿಗೆ. ಕೆಳಗಿನ ಗೆರೆ ಕುರಿಗೆ. ಲೋಟದಿಂದ ಬಿದಿರಿನ ಗೊಟ್ಟಕ್ಕೆ, ಗೊಟ್ಟದಿಂದ ದನದ ಬಾಯಿಗೆ.

ಮೂರು ತಿಂಗಳಿಗೊಮ್ಮೆ, ಒಂದನೇ ತಾರೀಖು, ಬೆಳಿಗ್ಗೆ ಏಳು ಗಂಟೆಗೆ. ಮೊದಲ ಸಲ ನಮ್ಮ ಎಮ್ಮೆಗಳಷ್ಟೇ ಇದ್ದವು. ಎರಡನೆಯ ಸಲ ಪಕ್ಕದ ಮನೆಯವರು ಬಂದರು. ಒಂದು ವರ್ಷದೊಳಗೆ ಇಡೀ ಓಣಿ ನಮ್ಮ ಅಂಗಳದಲ್ಲಿ ಸಾಲು ನಿಲ್ಲತೊಡಗಿತು. ದನ ಕಟ್ಟಲು ಹಗ್ಗ, ಹಿಡಿಯಲು ಜನ, ಹೆಂಡತಿಯ ಚಹಾ. ನನಗೆ ಹಟ್ಟಿಯ ಪಾಳಿಯೇ ಮತ್ತೆ ಸಿಕ್ಕಂತಾಯಿತು. ಎಲ್ಲಕ್ಕೂ ಅದೇ ಔಷಧ, ಎಲ್ಲಕ್ಕೂ ಅದೇ ಗೆರೆ. ದೊಡ್ಡ ಎಮ್ಮೆಗೂ ಮೇಲಿನ ಗೆರೆ, ನಿನ್ನೆ ಮೊನ್ನೆ ಬೆಳೆದ ಮಣಕಕ್ಕೂ ಮೇಲಿನ ಗೆರೆ. ಒಂದಕ್ಕೆ ಹೆಚ್ಚು ಇನ್ನೊಂದಕ್ಕೆ ಕಡಿಮೆ ಹಾಕಿದ್ದರೆ ಓಣಿಯಲ್ಲಿ ಮಾತು ಬರುತ್ತಿತ್ತು. ಪಂಕ್ತಿಯಲ್ಲಿ ಬಡಿಸುವಾಗ ಒಬ್ಬರಿಗೆ ಎರಡು ಹೋಳಿಗೆ, ಇನ್ನೊಬ್ಬರಿಗೆ ಒಂದು ಎನ್ನಲು ಆಗುತ್ತದೆಯೇ? ನಾನು ಗೆರೆಯಿಂದ ಒಂದು ಹನಿಯೂ ಆಚೀಚೆ ಆಗದಂತೆ ಅಳೆಯುತ್ತಿದ್ದೆ. ಜನ ಅದನ್ನು ಮೆಚ್ಚಿದರು. ನನಗೂ ಮೆಚ್ಚುಗೆಯಾಗಿತ್ತು.

ಹೆಂಡತಿ ಮಾತ್ರ ಆರು ಲೋಟದ ಸೆಟ್ಟಿನಲ್ಲಿ ಐದೇ ಉಳಿದವಲ್ಲ ಎಂದು ಬೀಗರು ಬಂದಾಗಲೆಲ್ಲ ನೆನಪಿಸುತ್ತಿದ್ದಳು. ಆರನೆಯವರಿಗೆ ಯಾವಾಗಲೂ ಹಿತ್ತಾಳೆಯ ಚೊಂಬು.

ಮೊದಲ ವರ್ಷಗಳಲ್ಲಿ ದನಗಳು ಮಿರಮಿರ ಮಿಂಚುತ್ತಿದ್ದವು. ಆಮೇಲೆ ಯಾವಾಗ ಕೆಟ್ಟಿತೆಂದು ನನ್ನ ಡೈರಿಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಔಷಧ ಕೊಟ್ಟದ್ದನ್ನು ಬರೆದಿದ್ದೇನೆಯೇ ಹೊರತು ಅದರಿಂದ ಏನಾಯಿತು ಎಂಬುದನ್ನು ಬರೆದಿಲ್ಲ.

ಅದನ್ನು ನನಗೆ ತೋರಿಸಿದವನು ಮಸ್ಕಿಯಲ್ಲಿ ಮಟನ್ ಅಂಗಡಿ ಇಟ್ಟಿರುವ ನನ್ನ ಶಾಲೆಯ ಗೆಳೆಯ. ಒಂದೇ ಬೆಂಚಿನಲ್ಲಿ ಕುಳಿತವರು ನಾವು. ಮನೆಯಲ್ಲಿ ದಖನಿ, ಅಂಗಡಿಯಲ್ಲಿ ಕನ್ನಡ, ಲೆಕ್ಕ ತಪ್ಪಿದರೆ ಎರಡೂ. ಗಣಿಗೆ ಸೇರಿದ ದಿನದಿಂದ ನನ್ನನ್ನು ಸೈರನ್ ಎಂದೇ ಕರೆಯುತ್ತಾನೆ. ಸಂಕ್ರಾಂತಿಗೆ ಒಂದು ದಿನ ಮೊದಲು ಫೋನ್ ಮಾಡಿ, ಕೆಲಸ ಬಿಟ್ಟು ಬಾ ಎಂದ. ಹೋದೆ. ತಟ್ಟೆಯಲ್ಲಿ ಒಂದು ಟಗರಿನ ಕಲೇಜಿ ಇತ್ತು. ಚಾಕುವಿನ ತುದಿಯಿಂದ ಅದರ ನಾಳ ಸೀಳಿದ. ಒಳಗಿನಿಂದ ಕಂದು ಬಣ್ಣದ, ಬೇವಿನ ಎಲೆಯಷ್ಟು ಉದ್ದದ ಹುಳುಗಳು ಜಾರಿ ಬಂದವು. ಒಂದು ತಟ್ಟೆಯ ಅಂಚಿನಲ್ಲಿ ನಿಧಾನವಾಗಿ ಮುದುಡಿಕೊಂಡಿತು.

"ನಿಮ್ಮ ಊರ ಟಗರು. ಒಂದನೇ ತಾರೀಖಿಗೆ ನಿನ್ನ ಕೈಲಿಂದ ದವಾ ಕುಡದೈತಿ" ಎಂದ.

"ಹನ್ನೆರಡು ದಿನಾ ಆತಲ್ಲ" ಎಂದೆ.

"ಅದನ್ನ ಇವಕ್ಕ ಹೇಳು. ಅವು ತಾರೀಖು ನೋಡಿಲ್ಲ ಕಾಣ್ತದ." ಚಾಕು ಒರೆಸಿಕೊಂಡ. ಮುಂದಿನ ಮಾತನ್ನು ನಗದೆ ಹೇಳಿದ. "ಮೊದಲ ನಿಮ್ಮ ಊರ ಕುರಿ ಅಂದ್ರ ಕಲೇಜಿ ಕಣ್ಣು ಮುಚ್ಚಿ ಕೊಡ್ತಿದ್ದೆ. ಎರಡು ವರ್ಷ ಆತು, ಅರ್ಧಕ್ಕರ್ಧ ಹೂಳಾಕತ್ತೀನಿ. ದೋಸ್ತ ಅದಾನ, ಹೆಂಗ ಹೇಳ್ಲಿ ಅಂತ ಸುಮ್ಮನಿದ್ದೆ. ಸುಮ್ಮನಿದ್ದದ್ದು ನನ್ನ ತಪ್ಪು."

ಎರಡು ವರ್ಷ ಎಂದಾಗ ನನಗೆ ಬೇರೊಂದು ನೆನಪಾಯಿತು. ನಮ್ಮ ಎದುರು ಮನೆಯಲ್ಲಿ ಒಬ್ಬ ಹಿರಿಯಳಿದ್ದಾಳೆ. ನನಗಿಂತ ಹತ್ತು ವರ್ಷ ದೊಡ್ಡವಳು, ಓಣಿಗೆಲ್ಲ ಅಕ್ಕ. ಎರಡು ಮಳೆಗಾಲದ ಹಿಂದೆ ಅವಳ ಮಣಕಕ್ಕೆ ಇದೇ ರೀತಿ ಗದ್ದ ಬಾತಿತ್ತು. ಹುಳ ಇರಬೇಕೇನೋ ತಮ್ಮಾ ಎಂದು ಕೇಳಲು ಬಂದಿದ್ದಳು. ನಾನು ಡೈರಿ ತೆಗೆದು ತೋರಿಸಿ, ಒಂದನೇ ತಾರೀಖಿಗೆ ಔಷಧ ಬಿದ್ದಿದೆ, ಹುಳುವಿರಲು ಸಾಧ್ಯವಿಲ್ಲ ಎಂದು ಹೇಳಿ ಕಳಿಸಿದ್ದೆ. ಅವಳು ನಂಬಿದಳು. ಮಣಕ ದಸರೆಗೆ ಮೊದಲೇ ಸತ್ತಿತು. ಈ ಸಲ ಹಿರೇ ಎಮ್ಮೆಯ ಗದ್ದ ದಪ್ಪವಾಗಿದೆಯೆಂದು ಹೆಂಡತಿ ಹೇಳಿದಾಗಲೂ ನಾನು ಅದೇ ಡೈರಿ ತೆಗೆದಿದ್ದೆ.

ಮಸ್ಕಿಯಿಂದ ನೇರವಾಗಿ ಲಿಂಗಸುಗೂರಿಗೆ ಹೋದೆ. ಅಲ್ಲಿರುವ ಡಾಕ್ಟರಮ್ಮ ಮೊದಲು ನಮ್ಮ ಕಡೆಯೇ ಇದ್ದವರು, ನಮ್ಮ ಎಮ್ಮೆಯನ್ನು ಬಲ್ಲವರು. ನನ್ನ ಮಗಳ ವಯಸ್ಸು. ಮರುದಿನ ನಾನು ಒಯ್ದುಕೊಟ್ಟ ಸಗಣಿ ಪರೀಕ್ಷೆ ಮಾಡಿ, ಕೆಲವು ದಿನಗಳ ನಂತರ ತಾವೇ ಊರಿಗೆ ಬಂದರು. ನಾನು ಎಂಟು ವರ್ಷದ ಡೈರಿಗಳನ್ನು ಅವರ ಮುಂದಿಟ್ಟೆ. ಅವರು ಒಂದೊಂದೇ ಹಾಳೆ ತಿರುವಿದರು.

"ತಾರೀಖು ಒಂದೂ ತಪ್ಪಿಲ್ರಿ ಸರ್. ತೂಕ ಎಲ್ಲಿ ಬರ್ದೀರಿ?" ಎಂದು ಕೇಳಿದರು.

ಬರೆದಿರಲಿಲ್ಲ. ಆ ಕಾಲಮ್ಮೇ ಇರಲಿಲ್ಲ.

ಅವರು ಬಿಡಿಸಿ ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ದೊಡ್ಡ ಮೈಗೆ ಚಿಕ್ಕ ಅಳತೆಯ ಔಷಧ ಹೋದರೆ ಬಡ ಹುಳುಗಳು ಸಾಯುತ್ತವೆ, ಗಟ್ಟಿ ಹುಳುಗಳು ಉಳಿಯುತ್ತವೆ. ಮೊಟ್ಟೆ ಇಡುವುದು ಉಳಿದವೇ. ವರ್ಷಗಟ್ಟಲೆ ಅದೇ ಔಷಧ ಕೊಟ್ಟರೆ ಕೊನೆಗೆ ಊರಿನಲ್ಲಿ ಆ ಔಷಧಕ್ಕೆ ಜಗ್ಗದ ಹುಳುಗಳೇ ತುಂಬಿಕೊಳ್ಳುತ್ತವೆ. ಆದರೆ ಅವರು ಊಹೆಯ ಮೇಲೆ ತೀರ್ಪು ಕೊಡುವವರಲ್ಲ. ಅಳತೆ ಕಡಿಮೆಯಾಗಿ ಹುಳು ಉಳಿದಿದೆಯೋ, ಔಷಧವೇ ನಾಟದಂತಾಗಿದೆಯೋ ನೋಡಬೇಕು ಎಂದರು. ಆರೋಗ್ಯವಾಗಿ ಕಾಣುತ್ತಿದ್ದ ಕಿರೇ ಎಮ್ಮೆಗೆ ನನ್ನ ಹಳೆಯ ಔಷಧವನ್ನೇ ಅದರ ತೂಕಕ್ಕೆ ಸರಿಯಾಗಿ, ಪೂರ್ತಿ ಕುಡಿಸಿದರು. ಬೇನೆ ಬಿದ್ದ ಹಿರೇ ಎಮ್ಮೆಗೆ ಗಬ್ಬಕ್ಕೆ ತೊಂದರೆಯಾಗದ ಬೇರೆ ಔಷಧ. ಹದಿನಾಲ್ಕು ದಿನ ಬಿಟ್ಟು ಎರಡರ ಸಗಣಿಯನ್ನೂ ತರಬೇಕು.

ಆ ಹದಿನಾಲ್ಕು ದಿನ ಹೆಂಡತಿ ಎಮ್ಮೆಯ ಗದ್ದವನ್ನು ಬೆಳಿಗ್ಗೆ ಸಂಜೆ ಅಂಗೈಯಲ್ಲಿ ಹಿಡಿದು ನೋಡಿದಳು. ಬಾವು ಇಳಿಯುತ್ತಿದೆ ಎಂದು ಒಂದು ದಿನ, ಇಲ್ಲ ಎಂದು ಮರುದಿನ. ಬದುವಿನ ಹಸಿ ಹುಲ್ಲು ಬಂದ್ ಮಾಡಿ, ಒಣಗಿದ ಜೋಳದ ಕಣಿಕೆಯನ್ನೇ ಹಾಕಿದಳು. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಹಗುರಾಗುತ್ತಿತ್ತು.

ಇಷ್ಟು ಹಿಂದಿನದು. ಈಗ ಗುರುವಾರಕ್ಕೆ ಬರುತ್ತೇನೆ.

ಆಸ್ಪತ್ರೆ ತಲುಪಿದಾಗ ಒಂಬತ್ತೂವರೆ. ಡಾಕ್ಟರಮ್ಮ ಸಗಣಿಯನ್ನು ನೀರಿನಲ್ಲಿ ಕಲಸಿ, ಜಾಲರಿಯಲ್ಲಿ ಸೋಸಿ, ಗಾಜಿನ ಪಾತ್ರೆಯಲ್ಲಿ ನಿಲ್ಲಲು ಬಿಟ್ಟರು. ಮೇಲಿನ ನೀರು ಚೆಲ್ಲಿ ಮತ್ತೆ ನೀರು ಹಾಕಿದರು. ನೀರು ತಿಳಿಯಾಗುವವರೆಗೆ ಹೀಗೆಯೇ ಮಾಡಬೇಕು. ಹುಳುವಿನ ಮೊಟ್ಟೆ ಭಾರ, ತಳಕ್ಕೆ ಕೂರುತ್ತದೆ. ನಾನು ಪ್ರತಿ ಸಲವೂ ನಿಮಿಷ ಹೇಳುತ್ತಿದ್ದೆ. ಅವರಿಗೆ ಅದು ಬೇಕಿರಲಿಲ್ಲ, ಆದರೂ ಥ್ಯಾಂಕ್ಸ್ ಸರ್ ಎನ್ನುತ್ತಿದ್ದರು.

ಮೊದಲು ಕೆಂಪು ಮುಚ್ಚಳ. ತಳದ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ, ಅವರು ಸೂಕ್ಷ್ಮದರ್ಶಕದಲ್ಲಿ ನೋಡಿ, ಎದ್ದು, ನನ್ನನ್ನು ಕೂರಿಸಿದರು. ಕಣ್ಣಿಟ್ಟೆ. ಹಳದಿ ಬಣ್ಣದ, ಮೊಟ್ಟೆಯಾಕಾರದ ಕಾಳುಗಳು ಅಲ್ಲೊಂದು ಇಲ್ಲೊಂದಲ್ಲ, ಚೆಲ್ಲಿದಂತೆ ಇದ್ದವು. ಬೆಳಕಿಗೆ ಬಂಗಾರದಂತೆ ಹೊಳೆಯುತ್ತಿದ್ದವು. ಹಟ್ಟಿಯಲ್ಲಿ ಅಷ್ಟು ವರ್ಷ ಇದ್ದೂ ಒಂದೇ ಕಡೆ ಅಷ್ಟು ಹಳದಿ ನೋಡಿರಲಿಲ್ಲ. ಪೂರ್ತಿ ಅಳತೆ ಕೊಟ್ಟ ಮೇಲೂ ಇಷ್ಟಿವೆ, ಹಾಗಾದರೆ ಆ ಔಷಧದ ಕಾಲ ನಿಮ್ಮ ಓಣಿಯಲ್ಲಿ ಮುಗಿಯಿತು ಎಂದರು ಡಾಕ್ಟರಮ್ಮ. ಕಿರೇ ಎಮ್ಮೆಗೆ ಹೊಸ ಔಷಧ ಬರೆದುಕೊಟ್ಟರು.

ನೀಲಿ ಮುಚ್ಚಳಕ್ಕೆ ಅವರು ಬಹಳ ಹೊತ್ತು ತೆಗೆದುಕೊಂಡರು. ಒಂದು ಗಾಜು ನೋಡಿದರು, ಇನ್ನೊಂದು ನೋಡಿದರು, ಮತ್ತೊಂದು ನೋಡಿದರು. ನಾನು ಗೋಡೆ ಗಡಿಯಾರ ನೋಡಬಾರದೆಂದು ಕಿಟಕಿಯ ಕಡೆ ತಿರುಗಿದ್ದೆ. ಹೊರಗೆ ಯಾರೋ ಮೇಕೆಯನ್ನು ಬೈಕಿನ ಮೇಲೆ ಕೂರಿಸಿಕೊಂಡು ತಂದಿದ್ದರು. ಮೇಕೆ ಸವಾರನಿಗಿಂತ ನೆಟ್ಟಗೆ ಕುಳಿತಿತ್ತು.

"ಮೂರು ಗಾಜಿನ್ಯಾಗ ಒಂದ ಒಂದು ತತ್ತಿ ಐತ್ರಿ" ಎಂದರು ಡಾಕ್ಟರಮ್ಮ. "ಔಷಧ ನಾಟೈತಿ. ಅಮ್ಮಾರಿಗೆ ಹೇಳ್ರಿ, ಎಮ್ಮಿ ಈಯ್ತೈತಿ."

ಕರವಸ್ತ್ರ ತೆಗೆದು ಕನ್ನಡಕ ಒರೆಸಿದೆ. ಕನ್ನಡಕ ಸ್ವಚ್ಛವಾಗಿಯೇ ಇತ್ತು.

ಆದರೆ ಅವರ ಮಾತು ಮುಗಿದಿರಲಿಲ್ಲ. ಈ ಹೊಸ ಔಷಧವನ್ನೂ ಆ ಲೋಟದಲ್ಲಿ ಅಳೆದರೆ ಅದರ ಗತಿಯೂ ಅಷ್ಟೇ ಎಂದರು. ಇನ್ನು ಮೇಲೆ ಒಂದನೇ ತಾರೀಖಿಗೆಂದು ಎಲ್ಲಕ್ಕೂ ಕುಡಿಸುವುದು ಬೇಡ. ಸಗಣಿ ತಂದು ತೋರಿಸಿ, ಬೇಕಾದ್ದಕ್ಕೆ ಮಾತ್ರ, ಮೈಯ ತೂಕಕ್ಕೆ ತಕ್ಕಷ್ಟು. ತೂಕ ಹಾಕುವ ಯಂತ್ರವಿಲ್ಲದಿದ್ದರೆ ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ ತೆಗೆದರೂ ಸಾಕು. ಯಾವ ಸುತ್ತಳತೆಗೆ ಎಷ್ಟು ಔಷಧ ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಅವರ ಅಕ್ಷರ ಡಾಕ್ಟರರ ಅಕ್ಷರದಂತಿರಲಿಲ್ಲ, ಓದಲು ಬರುತ್ತಿತ್ತು.

ಮಸ್ಕಿಯಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ಇಳಿದು ಹೋಗಿ ಗೆಳೆಯನಿಗೆ ಸುದ್ದಿ ಹೇಳಿದೆ. ಅವನು ಎರಡು ಕೈ ಎತ್ತಿ ದೇವರಿಗೆ ಶುಕ್ರ್ ಎಂದ. ಮರುಕ್ಷಣವೇ, ಇನ್ನು ಸೈರನ್ ತಾರೀಖು ನೋಡದೆ ಸಗಣಿ ನೋಡಿ ಕೂಗುತ್ತದೆಯೋ ಎಂದು ಅಂಗಡಿಯಲ್ಲಿದ್ದವರೆಲ್ಲ ಕೇಳುವಂತೆ ಕೇಳಿದ. ಹೌದೆಂದೆ. ಬಸ್ಸು ಹಾರನ್ ಹೊಡೆಯಿತು.

ಮನೆಗೆ ಬಂದಾಗ ಎರಡೂ ಮುಕ್ಕಾಲು. ಹೆಂಡತಿ ಬಾಗಿಲಲ್ಲೇ ಇದ್ದಳು. ಹೇಳಿದೆ. ಅವಳು ನೇರವಾಗಿ ಕೊಟ್ಟಿಗೆಗೆ ಹೋದಳು. ನಾನು ಕಾಲು ತೊಳೆದು ಹೋಗಿ ನೋಡಿದಾಗ ಎಮ್ಮೆಯ ಕುತ್ತಿಗೆಗೆ ಕೆನ್ನೆ ಹಚ್ಚಿ ನಿಂತಿದ್ದಳು. ವಾಪಸು ಬಂದು ರೊಟ್ಟಿ ನಾನೇ ಹಾಕಿಕೊಂಡೆ.

ಮೂರೂವರೆಗೆ ಅಳತೆಯ ಕೆಲಸ ಶುರು. ಹೆಂಡತಿಯ ಹೊಲಿಗೆಯ ಟೇಪು ಎಮ್ಮೆಯ ಎದೆಯನ್ನು ಸುತ್ತಿ ಬರಲಿಲ್ಲ. ಒಂದು ಮೊಳದಷ್ಟು ಕಡಿಮೆ ಬಿತ್ತು. ಟೇಪು ಮನುಷ್ಯರದ್ದು, ಎಮ್ಮೆಯ ಟೇಪು ಬೇರೆ ಇರಬೇಕು ಎಂದಳು. ಕೊನೆಗೆ ನೂಲಿನ ಹಗ್ಗ ತಂದೆ. ಎದೆಗೆ ಸುತ್ತಿ, ಕೂಡಿದಲ್ಲಿ ಗಂಟು ಹಾಕಿ, ಆಮೇಲೆ ಗೋಡೆಯ ಮೇಲೆ ಚಾಚಿ ಟೇಪಿನಿಂದ ಅಳೆಯುವುದು. ಹಿರೇ ಎಮ್ಮೆಯದೊಂದು ಹಗ್ಗ, ಕಿರೇ ಎಮ್ಮೆಯದೊಂದು. ಎರಡನ್ನೂ ಒಂದೇ ಮೊಳೆಗೆ ಇಳಿಬಿಟ್ಟೆ. ಹಿರೇ ಎಮ್ಮೆಯ ಹಗ್ಗ ಒಂದು ಗೇಣು ಹೆಚ್ಚು ಕೆಳಗೆ ಇಳಿದಿತ್ತು. ಎಂಟು ವರ್ಷ ಆ ಒಂದು ಗೇಣನ್ನು ನಾನು ಇಲ್ಲವೆಂದು ಅಳೆದಿದ್ದೆ.

ಲೋಟವನ್ನು ತೊಳೆದು ಹೆಂಡತಿಗೆ ಕೊಟ್ಟೆ. ಸೆಟ್ಟು ಪೂರ್ತಿಯಾಯಿತಲ್ಲ ಎಂದೆ. ಅವಳು ಅದನ್ನು ಮೂಗಿನ ಹತ್ತಿರ ಹಿಡಿದು ದೂರ ಸರಿಸಿದಳು.

"ಇದ್ರಾಗ ಬೀಗರಿಗೆ ನೀರು ಕೊಡ್ಲೇನ್ರಿ? ನಿಮ್ಮ ಬೀಗರ ಹೊಟ್ಟ್ಯಾಗೂ ಹುಳ ಅದಾವೇನು?"

ಲೋಟ ಈಗ ಕೋಳಿಗಳ ಜೋಳದ ಡಬ್ಬದಲ್ಲಿದೆ. ಕೋಳಿಗಳಿಗೆ ಅವಳು ಗೆರೆ ನೋಡಿ ಹಾಕುವುದಿಲ್ಲ.

ಐದು ಗಂಟೆಗೆ ಎದುರು ಮನೆಗೆ ಹೋದೆ. ಅಕ್ಕ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ನಿಂತೇ ಹೇಳಿದೆ. ಎರಡು ವರ್ಷದ ಹಿಂದೆ ನಿನ್ನ ಮಣಕಕ್ಕೆ ಹುಳುವೇ ಇದ್ದಿರಬೇಕು, ಡೈರಿ ತೋರಿಸಿ ನಿನ್ನನ್ನು ವಾಪಸು ಕಳಿಸಿದವನು ನಾನು, ಆಸ್ಪತ್ರೆಗೆ ಹೋಗಿದ್ದರೆ ಉಳಿಯುತ್ತಿತ್ತೇನೋ ಎಂದು. ಅವಳ ಕೈ ನಿಲ್ಲಲಿಲ್ಲ. ಎರಡು ಮೂರು ಕಾಯಿ ಸುಲಿದ ಮೇಲೆ ತಲೆ ಎತ್ತಿದಳು.

"ಅವತ್ತ ನನಗೂ ಹಂಗ ಅನಿಸಿತ್ತು ತಮ್ಮಾ. ಆದ್ರ ನೀ ಅಷ್ಟು ನೀಟಾಗಿ ಬರದಿದ್ದಿ, ಬರದದ್ದು ಸುಳ್ಳಾಕೈತೇನು ಅಂತ ಸುಮ್ಮನಾದೆ."

ಕೆಳಗೆ ಉರುಳಿದ್ದ ಒಂದು ಕಾಳನ್ನು ಎತ್ತಿ ಅವಳ ಮುಂದಿಟ್ಟೆ.

"ನಿಮ್ಮ ಹಿರೇ ಎಮ್ಮಿ ಹೆಂಗೈತಿ?" ಎಂದು ಕೇಳಿದಳು.

ಉಳಿಯಿತು ಎಂದೆ.

"ಹಂಗಾರ ಅದು ಈದ ಮ್ಯಾಲ ಗಿಣ್ಣ ನನಗ ಮೊದಲ ಬರಬೇಕು. ನಿನ್ನ ಹೆಂಡ್ತಿಗೆ ಹೇಳು. ಅಳತಿ ಲೋಟದಾಗ ಬ್ಯಾಡ, ಚೊಂಬಿನ್ಯಾಗ" ಎಂದಳು. ಆಮೇಲೆ ಸೆರಗು ಕೊಡವಿ ಎದ್ದು, ಹಿತ್ತಲಿನಿಂದ ತನ್ನ ಎಮ್ಮೆಯನ್ನು ತಾನೇ ಹಿಡಿದು ತಂದಳು. ನಾನು ಹಗ್ಗ ತಂದಿರುವುದನ್ನು ಬಂದಾಗಲೇ ನೋಡಿದ್ದಳು.

ಹೆಂಡತಿಯೂ ಬಂದಳು. ಅಕ್ಕ ಮೂಗುದಾರ ಹಿಡಿದಳು, ಹೆಂಡತಿ ಹೊಟ್ಟೆಯ ಕೆಳಗಿನಿಂದ ಹಗ್ಗದ ತುದಿ ದಾಟಿಸಿಕೊಟ್ಟಳು, ನಾನು ಭುಜದ ಹಿಂದೆ ಗಂಟು ಹಾಕಿದೆ. ಎಮ್ಮೆ ಬಾಲದಿಂದ ನನ್ನ ಮುಖಕ್ಕೆ ಒಮ್ಮೆ ಬಾರಿಸಿತು. ಅಕ್ಕ ಅದನ್ನು ಗದರಿಸಲಿಲ್ಲ. ಗೋಡೆಗೆ ಹಗ್ಗ ಚಾಚಿ ಅಳೆದು, ಡೈರಿಯಲ್ಲಿ ಹೊಸದಾಗಿ ಗೀಟು ಎಳೆದ ಕಾಲಮ್ಮಿನಲ್ಲಿ ಅಂಕಿ ಬರೆದೆ. ಅದರ ಪಕ್ಕದ ಕಾಲಂ, ಫಲ ಏನಾಯಿತು ಎನ್ನುವುದು, ಖಾಲಿ ಬಿಟ್ಟೆ. ಅದರ ಸಗಣಿಗೆ ನಾಳೆ ಬೆಳಿಗ್ಗೆ ಡಬ್ಬಿ ತರುತ್ತೇನೆಂದು ಹೇಳಿದೆ. ಗಡಿಯಾರ ಮನೆಯಲ್ಲೇ ಬಿಟ್ಟು ಬರಲಿ ಎಂದು ಹೆಂಡತಿ ಅಕ್ಕನಿಗೆ ಹೇಳಿದಳು.

ಆರು ಗಂಟೆಗೆ ಐದು ನಿಮಿಷ ಇರುವಾಗ ಮೂರನೆಯ ಹಗ್ಗವನ್ನು ತಂದು, ಕೊಟ್ಟಿಗೆಯ ಮೊಳೆಗೆ, ಉಳಿದೆರಡರ ಪಕ್ಕ ತೂಗುಹಾಕಿದೆ.